ಬ್ರಹ್ಮಸೂತ್ರದ ಆಚೆ ಈಚೆ

ಕಲ್ಲಿನ ಮೇಲೆ ಮುಖ ಬರೆಯಲು ಕೂತರೆ ಮೊದಲು ಬರುವುದು ಕಣ್ಣೂ ಅಲ್ಲ, ಮೂಗೂ ಅಲ್ಲ. ಒಂದು ಗೆರೆ. ಕಾವಿಯಲ್ಲಿ ಅದ್ದಿದ ದಾರವನ್ನು ಮೇಲೊಬ್ಬ, ಕೆಳಗೊಬ್ಬ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಚಟ್ ಅಂತ ಬಿಡಬೇಕು. ನೆತ್ತಿಯಿಂದ ಹಣೆಯ ನಡು, ಮೂಗಿನ ತುದಿ, ತುಟಿಯ ಹಳ್ಳ, ಗದ್ದ ದಾಟಿ ಹೊಕ್ಕುಳಿನವರೆಗೂ ಕೆಂಪಗೆ ಇಳಿಯುತ್ತದೆ. ಅದು ಬ್ರಹ್ಮಸೂತ್ರ. ಸಮಭಂಗದಲ್ಲಿ, ಅಂದರೆ ಎಲ್ಲೂ ಬಳುಕದೆ ನೆಟ್ಟಗೆ, ನಿಂತ ಮೂರ್ತಿಗೆ ಆ ಗೆರೆಯ ಆಚೆ ಏನಿದೆಯೋ ಈಚೆಗೂ ಅದೇ ಇರಬೇಕು. ನನಗೆ ಕಲಿಸುವ ಗುರುಗಳು ಮೊದಲ ವರ್ಷವಿಡೀ ಹೇಳಿದ್ದು ಇದೊಂದನ್ನೇ. ಅಳತೆಗಳೆಲ್ಲ ಆಮೇಲೆ ಬಂದವು: ಕೂದಲಿನ ಅಂಚಿನಿಂದ ಗದ್ದದವರೆಗೆ ಒಂದು ತಾಳ, ತಾಳಕ್ಕೆ 12 ಅಂಗುಲ, ಮುಖವನ್ನು ನಾಲ್ಕು ನಾಲ್ಕು ಅಂಗುಲದ ಮೂರು ಪಾಲು ಮಾಡುವುದು, ನವತಾಳದ ಮೂರ್ತಿಗೆ ಒಟ್ಟು 108 ಅಂಗುಲ.

ನಾನಿರುವುದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ. ಊರೊಳಗೆ ಕಾಲಿಡುವ ಮೊದಲೇ ಉಳಿ ಸದ್ದು ಕೇಳುತ್ತದೆ. ಮನೆಗಳ ಮುಂದೆ, ಶೆಡ್ಡುಗಳಲ್ಲಿ, ಹೊಂಗೆಮರದ ನೆರಳಲ್ಲಿ ಅರ್ಧ ಕಡೆದ ಗಣಪತಿ, ಆಂಜನೇಯ, ಕಣ್ಣು ತೆರೆಸದ ಅಮ್ಮನವರು ಸಾಲಾಗಿ ನಿಂತಿರುತ್ತಾರೆ. ಶಿಷ್ಯನಾಗಿ ಸೇರಿ ಇದು ನಾಲ್ಕನೇ ವರ್ಷ. ಬಂದಾಗ ನನಗೆ 18.

ನಮ್ಮ ಊರು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹತ್ತಿರ. ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಒಂಬತ್ತನೇ ಶತಮಾನದ್ದು, ನೊಳಂಬರ ಕಾಲದ್ದು. ಒಳಗೆ ಹೋಗಿ ಕತ್ತೆತ್ತಿದರೆ ಚಾವಣಿಯಲ್ಲಿ ಶಿವ ಕುಣಿಯುತ್ತಿರುತ್ತಾನೆ, ಸುತ್ತ ಅಷ್ಟದಿಕ್ಪಾಲಕರು. ಚಿಕ್ಕವನಿದ್ದಾಗ ಅಮ್ಮ ನನ್ನನ್ನು ಅಲ್ಲಿ ನೆಲದ ಮೇಲೆ ಅಂಗಾತ ಮಲಗಿಸಿದ್ದಳು. "ಕತ್ತು ನೋಯ್ತದೆ, ಮಲಕ್ಕೊಂಡು ನೋಡು" ಅಂದಿದ್ದಳು. ಈ ಕೆಲಸಕ್ಕೆ ನಾನು ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಅದೊಂದೇ. ಬೆನ್ನಿಗೆ ತಗುಲಿದ ಆ ತಣ್ಣನೆಯ ಕಲ್ಲು.

ಅಪ್ಪ ಇಲ್ಲ. ಅಮ್ಮ, ಅಜ್ಜಿ ಊರಲ್ಲಿ. ತಂಗಿ ತುಮಕೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಅಮ್ಮನಿಗೆ ಕೊಬ್ಬರಿ ಸುಲಿಯುವ ಕೂಲಿ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಎಲ್ಲರಿಗೂ ಗೊತ್ತು. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆ ಸದ್ದು ಕೇಳಿಯೇ ಒಳಗಿನದು ಗಟ್ಟಿಯೋ ಕೊಳೆತಿದೆಯೋ ಅಮ್ಮ ಹೇಳಬಲ್ಲಳು. ಹೊರಗಿನಿಂದ ಒಳಗನ್ನು ತಿಳಿಯುವ ವಿದ್ಯೆ ಅವಳಿಗೆ ನನಗಿಂತ ಮೊದಲೇ ಸಿದ್ಧಿಸಿತ್ತು.

ಹಾಗಿದ್ದೂ ನಾವಿಬ್ಬರು ಮೂರು ವರ್ಷ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡೇ ಬಂದೆವು.

ದಿನಾ ರಾತ್ರಿ ಎಂಟೂವರೆಗೆ ಫೋನು. "ಉಂಡೇನಪ್ಪಾ?" "ಉಂಡೆ. ನೀನು?" "ಆಯ್ತು. ಹುಷಾರಾಗಿದೀಯಾ?" "ಹೂಂ, ನೀನು?" "ನಂಗೇನಾಗಿದೆ, ಚೆನ್ನಾಗಿದೀನಿ." ಅಷ್ಟು ಆದ ಮೇಲೆ ಮಳೆ, ಕೊಬ್ಬರಿ ರೇಟು, ಯಾರ ಮನೆ ಮದುವೆ. ವಿಡಿಯೊ ಕಾಲ್ ಮಾಡಿದರೂ ಫೋನನ್ನು ಅಮ್ಮ ಹೇಗೆ ಹಿಡಿಯುತ್ತಿದ್ದಳೆಂದರೆ ಅವಳ ಹಣೆಯ ಕುಂಕುಮ ಮತ್ತು ಮೇಲಿನ ಹೆಂಚು ಮಾತ್ರ ಕಾಣುತ್ತಿತ್ತು. ಕೆಳಗಿಳಿಸು ಎಂದು ನಾನೂ ಹೇಳುತ್ತಿರಲಿಲ್ಲ. ದನಿ ಕೇಳಿದರೆ ಸಾಕು ಅನ್ನಿಸುತ್ತಿತ್ತು.

ಜಕಣಾಚಾರಿಯ ಕಥೆ ನಮ್ಮ ತುಮಕೂರು ಕಡೆಯವರಿಗೆ ಮನೆಯ ಕಥೆ. ಕೈದಾಳ ನಮ್ಮ ಜಿಲ್ಲೆಯದೇ. ಎಲ್ಲರ ನೆನಪಿನಲ್ಲಿ ಉಳಿದಿರುವುದು ಬೇಲೂರಿನ ಕಪ್ಪೆ ಚೆನ್ನಿಗರಾಯ, ಕಲ್ಲೊಳಗಿನ ಕಪ್ಪೆ, ಜಕಣ ಕಡಿದುಕೊಂಡ ಕೈ. ನನ್ನನ್ನು ಕಾಡುವುದು ಬೇರೆ. ಶಿಲ್ಪದ ಹಿಂದೆ ಮನೆ ಬಿಟ್ಟು ಹೋದವನಿಗೆ ಹಿಂದೆ ಮಗ ಹುಟ್ಟಿದ್ದು, ಬೆಳೆದದ್ದು, ಹೆಂಡತಿ ಒಬ್ಬಳೇ ಬದುಕಿದ್ದು ಯಾವುದೂ ತಿಳಿಯಲಿಲ್ಲ. ಡಂಕಣ ಎದುರಿಗೆ ನಿಂತು ಕಲ್ಲಿನ ದೋಷ ತೋರಿಸಿದಾಗಲೂ ಇವನು ನನ್ನ ಮಗ ಎಂದು ಗುರುತು ಸಿಗಲಿಲ್ಲ. ಕಲ್ಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಾಣುವ ಕಣ್ಣಿಗೆ ಸ್ವಂತ ಮಗನ ಮುಖ ಕಾಣಲಿಲ್ಲ. ಕೈ ಹೋದದ್ದಕ್ಕಿಂತ ಇದು ದೊಡ್ಡ ನೋವು ಎಂದೇ ನಾನು ಈಗಲೂ ತಿಳಿದಿದ್ದೇನೆ. ಅದೇ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಮದನಿಕೆಯರ ಕೆಳಗೆ ತಮ್ಮ ತಮ್ಮ ಹೆಸರು ಕೊರೆದಿದ್ದಾರೆ. ಇದು ಕಥೆಯಲ್ಲ, ಕಲ್ಲಲ್ಲಿರುವ ಅಕ್ಷರ. ಅಪ್ಪನೂ ಮಗನೂ ಊರು ಬಿಟ್ಟು ಒಂದೇ ಗುಡಿಯ ಕೆಲಸಕ್ಕೆ ಬಂದಿದ್ದರು. ಅಪ್ಪನಿಗೆ ಕೆಮ್ಮು ಬಂದರೆ ಮಗನಿಗೆ ಅಲ್ಲೇ ಕೇಳಿಸುತ್ತಿತ್ತು.

ಹೋದ ವರ್ಷ, ಕಾರ್ತಿಕದ ಒಂದು ದಿನ. ಬೆಳಗಿನಿಂದ ಲಕ್ಷ್ಮಿಯ ತುಟಿಯ ಮೇಲೆ ಕೂತಿದ್ದೆ. ಕೃಷ್ಣಶಿಲೆ ಬಲು ಮೆದು, ಉಳಿಯ ಮೊನೆ ಒತ್ತಿದರೂ ಪುಡಿ ಏಳುತ್ತದೆ. ಅದಕ್ಕೇ ಕೈ ಹತೋಟಿಯಲ್ಲಿರಬೇಕು. ಸಂಜೆ ಗುರುಗಳು ಬಂದು, ಮೂರ್ತಿಗೆ ಮುಖ ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು. "ಎಡಗಡೆ ಅರ್ಧ ನೂಲು ಇಳಿದೈತೆ" ಅಂದರು. ಒಂದು ಅಂಗುಲಕ್ಕೆ ಎಂಟು ನೂಲು, ಅದರಲ್ಲಿ ಅರ್ಧ. ನನಗೆ ಕಾಣಲಿಲ್ಲ. "ನೋಡ್ತಾ ಕೂತ್ಕೊ, ಕಾಣೋವರೆಗೂ ಏಳಬೇಡ" ಅಂದು ಹೋದರು. ಕತ್ತಲಾಗಿ ಬಲ್ಬು ಹಾಕಿದೆ. ಗೆರೆಯ ಆಚೆ ನೋಡುವುದು, ಈಚೆ ನೋಡುವುದು, ಮತ್ತೆ ಆಚೆ. ಸುಮಾರು ಒಂದು ಗಂಟೆ ಆದ ಮೇಲೆ ಫಕ್ಕನೆ ಕಂಡಿತು. ಒಂದು ಸಲ ಕಂಡ ಮೇಲೆ ಕಾಣದಂತೆ ನೋಡಲು ಆಗುವುದೇ ಇಲ್ಲ.

ಆ ಕಣ್ಣಲ್ಲೇ ಎದ್ದು ಬಂದು ಅಮ್ಮನಿಗೆ ಫೋನು ಮಾಡಿದೆ. ಅವತ್ತು ಪಕ್ಕದ ಮನೆಯ ಹುಡುಗ ಫೋನು ಹಿಡಿದಿದ್ದ, ಹಾಗಾಗಿ ಹೆಂಚಿನ ಬದಲು ಅಮ್ಮನ ಪೂರ್ತಿ ಮುಖ ಕಂಡಿತು. "ಉಂಡೇನಪ್ಪಾ" ಅಂದಳು. ತುಟಿಯ ಎಡಮೂಲೆ ಅಲ್ಲಾಡಲಿಲ್ಲ.

ಮೊದಲಿಗೆ ನನ್ನ ಕಣ್ಣೇ ದಣಿದಿದೆ, ಲಕ್ಷ್ಮಿಯ ತುಟಿ ಇನ್ನೂ ಕಣ್ಣಲ್ಲಿದೆ ಅಂದುಕೊಂಡೆ. ಅಮ್ಮ ಮಾತಾಡುತ್ತಲೇ ಇದ್ದಳು. ನಾನು ಅವಳ ಹಣೆಯ ನಡುವಿನಿಂದ ಗದ್ದಕ್ಕೆ ಮನಸ್ಸಲ್ಲೇ ದಾರ ಬಿಗಿದೆ. ಮೂಗಿನ ಪಕ್ಕದಿಂದ ಬಾಯಿಗೆ ಇಳಿಯುವ ಗೆರೆ ಬಲಗಡೆ ಆಳವಾಗಿತ್ತು, ಎಡಗಡೆ ಸಪಾಟಾಗಿತ್ತು. ಕಣ್ಣು ಮಿಟುಕಿಸಿದರೆ ಬಲರೆಪ್ಪೆ ಮುಚ್ಚುತ್ತಿತ್ತು, ಎಡದ್ದು ಅರ್ಧಕ್ಕೇ ನಿಲ್ಲುತ್ತಿತ್ತು.

"ಅಮ್ಮ, ಒಂದ್ಸಲ ನಗು."

"ಯಾಕೋ?"

"ನಗಮ್ಮ."

ನಕ್ಕಳು. ಬಾಯಿ ಒಂದೇ ಕಡೆಗೆ ಹೋಯಿತು.

ಮುಂದಿನ ಹತ್ತು ನಿಮಿಷ ನನಗೆ ಇವತ್ತಿಗೂ ಸರಿಯಾಗಿ ಒಂದರ ಹಿಂದೆ ಒಂದು ನೆನಪಾಗುವುದಿಲ್ಲ. ತಂಗಿಯನ್ನು ಅದೇ ಕಾಲಿಗೆ ಸೇರಿಸಿದೆ. ಅವಳು ದನಿ ಏರಿಸದೆ ಒಂದೊಂದೇ ಕೇಳಿದಳು. ಎರಡೂ ಕೈ ಮುಂದಕ್ಕೆ ಚಾಚಿ ಹಿಡ್ಕೊ ಅಮ್ಮ, ಹತ್ತು ಎಣಿಸೋವರೆಗೂ ಇಳಿಸಬೇಡ. ನನ್ನ ಪೂರ್ತಿ ಹೆಸರು ಹೇಳು. ಎದ್ದು ಬಾಗಿಲವರೆಗೂ ನಡಿ. ಅಮ್ಮ ಎಲ್ಲ ಸರಿಯಾಗಿಯೇ ಮಾಡಿದಳು. ಹುಬ್ಬು ಮೇಲೆತ್ತು ಅಂದಾಗ ಬಲಗಡೆ ಹಣೆ ಸುಕ್ಕುಗಟ್ಟಿತು, ಎಡಹಣೆ ತೊಳೆದ ತಟ್ಟೆಯ ಹಾಗೆ ನುಣ್ಣಗೆ ಇತ್ತು. ಆಮೇಲೆ ತಂಗಿ ಕೇಳಿದ್ದು: "ಯಾವಾಗಿನಿಂದ?"

"ಮಧ್ಯಾಹ್ನದಿಂದ ಇರಬೇಕು ಕಣೆ, ಚೆನ್ನಾಗೇ ಇದೀನಿ."

"ಅಮ್ಮ, ಗಂಟೆ ಹೇಳು."

ಅಜ್ಜಿ ಹಿಂದಿನಿಂದ ಹೇಳಿದಳು: ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗಲೇ ನೀರು ಒಂದು ಮೂಲೆಯಿಂದ ಸೋರಿತು, ಎರಡು ದಿನದಿಂದ ಕಿವಿ ಹಿಂದೆ ನೋವು ಅಂತಿದ್ಲು, ಶೀತಗಾಳಿ ಹೊಡೆದಿದೆ, ನಾನು ಎಣ್ಣೆ ಬಿಸಿ ಮಾಡಿ ಹಚ್ಚಿದೀನಿ. ಅಮ್ಮ ಅವಳನ್ನು ಗದರಿದಳು. ತಂಗಿ ಅಂದಳು, "ಇದು ಲಕ್ವ ಹೌದೋ ಅಲ್ಲವೋ ಫೋನಲ್ಲಿ ಯಾರೂ ಹೇಳಕ್ಕಾಗಲ್ಲ ಅಣ್ಣ. ನಾನಂತೂ ಹೇಳಬಾರದು. 108ಕ್ಕೆ ಮಾಡು."

ಮಾಡಿದೆ. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಮಾಲೂರು ಸ್ಟೇಷನ್ನಿಗೆ ಹೊರಟೆ. ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ತಿಪಟೂರಿನ ರೈಲು. ಗುರುಗಳು ಬಸ್ಸಿನ ಹತ್ತಿರ ಬಂದು ಕೈಗೆ ದುಡ್ಡು ತುರುಕಿದರು, ಒಂದು ಮಾತೂ ಆಡಲಿಲ್ಲ. ಅವರ ಬೆರಳಲ್ಲಿದ್ದ ಕಲ್ಲುಪುಡಿ ನೋಟಿಗೆ ಹತ್ತಿತ್ತು.

ಬೆಳಿಗ್ಗೆ ವಾರ್ಡಿಗೆ ಹೋಗುವಷ್ಟರಲ್ಲಿ ಸ್ಕ್ಯಾನ್ ಆಗಿತ್ತು, ಮೆದುಳಿಗೆ ಏನೂ ಆಗಿರಲಿಲ್ಲ. ಬೆಲ್ಸ್ ಪಾಲ್ಸಿ ಅಂದರು. ಕಿವಿಯ ಹಿಂದಿನ ಎಲುಬಿನ ಸಣ್ಣ ಕೊಳವೆಯೊಳಗೆ ಮುಖದ ನರ ಬರುತ್ತದೆ. ಅದು ಊದಿಕೊಂಡರೆ ಇಕ್ಕಟ್ಟಿನಲ್ಲಿ ಸಿಕ್ಕಿ ಒಂದು ಕಡೆಯ ಮುಖ ಪೂರಾ ಸುಮ್ಮನಾಗುತ್ತದೆ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ನನ್ನ ಕಸುಬು ಕೇಳಿ, ನನಗೆ ಅರ್ಥವಾಗುವ ಹಾಗೆ ಹಣೆಯಿಂದಲೇ ಶುರು ಮಾಡಿದರು. ಮುಖದ ಮೇಲ್ಭಾಗಕ್ಕೆ ಮೆದುಳಿನ ಎರಡೂ ಅರ್ಧಗಳಿಂದ ಅಪ್ಪಣೆ ಬರುತ್ತದಂತೆ. ಮೆದುಳಿನ ಒಂದು ಅರ್ಧಕ್ಕೆ ಪಾರ್ಶ್ವವಾಯು ಹೊಡೆದರೆ ಇನ್ನೊಂದು ಅರ್ಧ ಹಣೆಯನ್ನು ಹಿಡಿದಿರುತ್ತದೆ. ಬಾಯಿ ವಾಲಿದರೂ ಸಾಮಾನ್ಯವಾಗಿ ಹುಬ್ಬು ಏಳುತ್ತದೆ. ನರವೇ ಕೆಟ್ಟರೆ ಹಣೆಯೂ ಹೋಗುತ್ತದೆ. ಮೂರು ವರ್ಷದಿಂದ ನಾನು ಕೆತ್ತುತ್ತಿದ್ದ ಮುಖದ ಒಳಗೆ ಇಷ್ಟೆಲ್ಲ ಲೆಕ್ಕ ಇದೆ ಎಂದು ಅವತ್ತೇ ತಿಳಿದದ್ದು. ಆದರೆ ಅವರು ಇನ್ನೊಂದು ಮಾತನ್ನೂ ಒತ್ತಿ ಹೇಳಿದರು, ಅದನ್ನೂ ಇಲ್ಲಿ ಬರೆಯಲೇಬೇಕು: ಹಣೆ ನೋಡಿ ಮನೆಯಲ್ಲೇ ತೀರ್ಮಾನ ಮಾಡಿ ಕೂರಬಾರದು. ಪಾರ್ಶ್ವವಾಯುವೇ ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯೊಳಗೆ ಬರಬೇಕು. ಬೆಲ್ಸ್ ಪಾಲ್ಸಿಗೂ ಸ್ಟೀರಾಯ್ಡ್ ಮಾತ್ರೆ ಮೂರು ದಿನದೊಳಗೆ ಶುರುವಾದರೇ ಹೆಚ್ಚು ಗುಣ. ಎರಡಕ್ಕೂ ಮೊದಲ ಪ್ರಶ್ನೆ ಒಂದೇ, ಯಾವಾಗಿನಿಂದ.

ಅಮ್ಮನ ಸಕ್ಕರೆ 286 ಇತ್ತು.

ಮೂರು ವರ್ಷದಿಂದ "ಕಂಟ್ರೋಲಲ್ಲಿದೆ" ಎಂದು ನಾನು ಕೇಳುತ್ತಿದ್ದ ಸಕ್ಕರೆ. ಎಚ್‌ಬಿಎ1ಸಿ ಅಂತ ಒಂದು ಪರೀಕ್ಷೆ ಇದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ರಕ್ತದಲ್ಲಿದ್ದ ಸಕ್ಕರೆಯ ಗುರುತು ಅದರ ಮೇಲೆ ಅಂಟಿರುತ್ತದೆ. ಇವತ್ತು ಉಪವಾಸವಿದ್ದು ಹೋದರೂ ಮೂರು ತಿಂಗಳ ಲೆಕ್ಕ ಬಚ್ಚಿಡಲು ಆಗುವುದಿಲ್ಲ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ, ಅಮ್ಮನದು 10.4. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ತರಲು ಹೋದ ದಿನದ ಕೂಲಿ ಹೋಗುತ್ತದೆ. ಕೊಬ್ಬರಿ ಸುಲಿಯುವ ಕಾಲದಲ್ಲಿ ಅವಳು ಎರಡು ತಿಂಗಳು ಹೋಗಿಯೇ ಇರಲಿಲ್ಲ. ಆ ಎರಡು ತಿಂಗಳೂ ನನಗೆ ಅವಳಿಂದ ದುಡ್ಡು ಬಂದಿತ್ತು, ಒಂದು ಸೆಟ್ ಹೊಸ ಉಳಿಗೆ. ಉಳಿ ಈಗಲೂ ನನ್ನ ಹತ್ತಿರ ಇವೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ಮುಖದ ತೊಂದರೆ ಬರುವ ಸಂಭವ ಹೆಚ್ಚು. ಅದಕ್ಕೆ ಕೊಡುವ ಸ್ಟೀರಾಯ್ಡೇ ಸಕ್ಕರೆಯನ್ನು ಇನ್ನೂ ಏರಿಸುತ್ತದೆ. ಹತ್ತು ದಿನ ಇನ್ಸುಲಿನ್ ಕೊಟ್ಟು, ಬೆರಳು ಚುಚ್ಚಿ ಚುಚ್ಚಿ ನೋಡಬೇಕಾಯಿತು. ಮುಚ್ಚದ ಕಣ್ಣು ಒಣಗಿ ಗಾಯವಾಗದಂತೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಟೇಪು. ಆ ಟೇಪು ಹಾಕುವ ಕೆಲಸ ನನ್ನದಾಗಿತ್ತು. ಗುಡಿಗೆ ಹೋಗುವ ಮೂರ್ತಿಗೆ ಕಣ್ಣು ತೆರೆಸುವುದು ಎಲ್ಲಕ್ಕಿಂತ ಕೊನೆಯ ಕೆಲಸ, ದೊಡ್ಡವರು ಮಾತ್ರ ಮಾಡುವಂಥದ್ದು. ನಾನು ಅಮ್ಮನ ಕಣ್ಣು ಮುಚ್ಚಿಸುತ್ತಿದ್ದೆ. ರೆಪ್ಪೆ ಬೆರಳಿಗೆ ಎಷ್ಟು ತೆಳ್ಳಗೆ ಸಿಕ್ಕಿತೆಂದರೆ, ಕಲ್ಲಿನಲ್ಲಿ ನಾನು ಇದುವರೆಗೆ ಮಾಡಿದ ರೆಪ್ಪೆಗಳೆಲ್ಲ ದಪ್ಪ ಅನ್ನಿಸಿತು. ಆಮೇಲೆ ಮಾಡಿದವು ಹಾಗಿಲ್ಲ.

ಮೂರನೇ ರಾತ್ರಿ ಟೇಪು ಹಾಕುವಾಗ ನನಗೆ ಕೆಮ್ಮು ಬಂತು. ಮುಖ ತಿರುಗಿಸಿಕೊಂಡು ಕೆಮ್ಮಿದೆ. ಅಮ್ಮ ಟೇಪು ಹಾಕಿದ ಕಣ್ಣಲ್ಲೇ ಕೇಳಿದಳು, "ಎಷ್ಟು ದಿನದಿಂದ ಮಗಾ?"

ನಾನು "ಧೂಳಮ್ಮ, ಏನಿಲ್ಲ" ಅಂದೆ. ಅವಳು ಸುಮ್ಮನಿದ್ದಳು. ಅಟ್ಟದ ಕಾಯಿಯ ಸದ್ದು ಕೇಳಿ ಒಳಗಿನದು ಹೇಳುವವಳಿಗೆ ನನ್ನ ಎದೆಯ ಸದ್ದು ಎಷ್ಟು ತಿಂಗಳಿಂದ ಫೋನಿನಲ್ಲಿ ಕೇಳಿಸುತ್ತಿತ್ತೋ. ನಾನು ಫೋನು ಮ್ಯೂಟ್ ಮಾಡಿ ಕೆಮ್ಮಿ ಮತ್ತೆ ಮಾತಿಗೆ ಬರುತ್ತಿದ್ದೆ. ಆ ಎರಡು ಕ್ಷಣದ ಮೌನವೇ ಅವಳಿಗೆ ಗೊತ್ತಾಗುತ್ತಿತ್ತಂತೆ. ಆಮೇಲೆ ಹೇಳಿದಳು.

ಐದು ತಿಂಗಳಿಂದ ಕೆಮ್ಮಿತ್ತು. ಕೃಷ್ಣಶಿಲೆಯ ಕೆಲಸದ ಜೊತೆಗೆ, ನಾಲ್ಕು ಕಾಸು ಬರಲಿ ಅಂತ ಬೇರೆ ಕಡೆ ಗ್ರಾನೈಟ್ ಕೆಲಸಕ್ಕೂ ಹೋಗುತ್ತಿದ್ದೆ. ಮೆದು ಕಲ್ಲಿನಲ್ಲಿ ಬೆಣಚು, ಅಂದರೆ ಸಿಲಿಕಾ, ಕಡಿಮೆ, ಗ್ರಾನೈಟಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಇರಬಹುದು. ಉಳಿಯಲ್ಲಿ ಹೊಡೆದರೆ ಚಕ್ಕೆ ಹಾರುತ್ತದೆ, ಗ್ರೈಂಡರ್ ಬ್ಲೇಡು ಒಣಕಲ್ಲಿಗೆ ತಾಗಿದರೆ ಹೊಗೆಯಂತೆ ಏಳುತ್ತದೆ. ಕಣ್ಣಿಗೆ ಕಾಣುವ ಆ ಬಿಳಿ ಮೋಡಕ್ಕಿಂತ ಅದರೊಳಗಿನ ಕಾಣದ ಪುಡಿಯೇ ಕೆಟ್ಟದ್ದು. ಅದು ಮೂಗಿನಲ್ಲಿ ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಕೂತಲ್ಲೇ ಗಾಯವಾಗಿ ಗಟ್ಟಿಯಾಗುತ್ತದೆ. ಸಿಲಿಕೋಸಿಸ್. ಗಟ್ಟಿಯಾದದ್ದನ್ನು ಮತ್ತೆ ಮೆದು ಮಾಡುವ ಔಷಧಿ ಇಲ್ಲ, ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು, ಅಂಥ ಎದೆಗೆ ಕ್ಷಯ ಬೇಗ ತಗುಲುತ್ತದೆ. ನಾವು ಬಾಯಿಗೆ ಕಟ್ಟುತ್ತಿದ್ದದ್ದು ಟವೆಲ್. ಟವೆಲ್ ಈ ಪುಡಿಯನ್ನು ತಡೆಯುವುದಿಲ್ಲ. ಇದನ್ನು ಯಾರೂ ನನಗೆ ಹೇಳಲಿಲ್ಲ ಎಂಬ ಸಿಟ್ಟು ಇನ್ನೂ ಇದೆ. ನಾನೂ ಯಾರನ್ನೂ ಕೇಳಲಿಲ್ಲ.

ತಂಗಿ ಅದೇ ವಾರ ನನ್ನನ್ನು ಎಕ್ಸ್‌ರೇಗೆ, ಕಫ ಪರೀಕ್ಷೆಗೆ ಕರೆದುಕೊಂಡು ಹೋದಳು. ಎದೆ ಸ್ವಚ್ಛವಾಗಿತ್ತು. ಬಚಾವಾದೆ ಅಂದುಕೊಳ್ಳಬೇಡ, ಈಗಿಂದ ನೋಡ್ಕೊ ಅಂದರು. ಈಗ ಬ್ಲೇಡಿಗೆ ನೀರು ಬಿಟ್ಟುಕೊಂಡೇ ಕೊಯ್ಯುತ್ತೇನೆ. ಸಲೈನ್ ಬಾಟಲಿಯ ಪೈಪನ್ನು ಕಲ್ಲಿನ ಮೇಲೆ ಕಟ್ಟಿ ಹನಿ ಬಿಟ್ಟರೂ ಹೊಗೆ ಎಷ್ಟೋ ತಗ್ಗಿ ಕೆಸರಾಗುತ್ತದೆ. ಕರೆಂಟಿನ ಗ್ರೈಂಡರಿಗೆ ನೀರು ಸೇರಿದರೆ ಪ್ರಾಣಕ್ಕೇ ಅಪಾಯ, ನೀರಿಗೆಂದೇ ಮಾಡಿದ ಮೆಶಿನ್ ಬೇಕು ಎಂದು ಗುರುಗಳು ಅದನ್ನೇ ತಂದರು. ಎನ್95 ಮಾಸ್ಕ್ ಹಾಕಿಕೊಂಡರೆ ಬೇಸಿಗೆಯಲ್ಲಿ ಉಸಿರು ಕಟ್ಟುತ್ತದೆ. ಹಾಕಿಕೊಳ್ಳುತ್ತೇನೆ. ಜೊತೆಗಿರುವ ಹುಡುಗರಿಗೂ ಹಿಡಿದು ಹಾಕಿಸುತ್ತೇನೆ. ಹಾಕದವರ ಪಕ್ಕ ನಾನು ಕೂರುವುದಿಲ್ಲ.

ಅಮ್ಮನ ಮುಖ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಸರಿಹೋಯಿತು. ಒಂದು ಮಾತ್ರ ಉಳಿದಿದೆ: ನಕ್ಕಾಗ ಎಡಗಣ್ಣು ತಾನೂ ಸಣ್ಣಗೆ ಮುಚ್ಚಿಕೊಳ್ಳುತ್ತದೆ. ನರ ಮತ್ತೆ ಚಿಗುರುವಾಗ ಒಂದೆರಡು ಎಳೆ ದಾರಿ ತಪ್ಪಿ, ಬಾಯಿಗೆ ಹೋಗಬೇಕಾದದ್ದು ಕಣ್ಣಿಗೆ ಹೋಗುತ್ತದಂತೆ. ಬ್ರಹ್ಮಸೂತ್ರ ಹಿಡಿದು ನೋಡಿದರೆ ಈಗಲೂ ಆಚೆಯದು ಈಚೆಗಿಲ್ಲ. ನಾನು ಅದನ್ನು ಪ್ರತಿ ರಾತ್ರಿ ನೋಡುತ್ತೇನೆ.

ನಮ್ಮ ಫೋನಿನ ಮಾತು ಬದಲಾಗಿದೆ. "ಚೆನ್ನಾಗಿದೀನಿ" ಅನ್ನುವುದು ಅಳತೆಯಲ್ಲ. ಶೆಡ್ಡಿನಲ್ಲಿ ಯಾರಾದರೂ ಮೂಗು ಚೆನ್ನಾಗಿದೆ ಅಂದರೆ ಗುರುಗಳು ಕೇಳುವುದು "ಎಷ್ಟಿದೆ?" ಎಂದು. ನಾವೂ ಹಾಗೆ ಕೇಳುತ್ತೇವೆ. ಖಾಲಿಹೊಟ್ಟೆಯಲ್ಲಿ ಎಷ್ಟಿತ್ತು, ಊಟ ಆಗಿ ಎರಡು ಗಂಟೆಗೆ ಎಷ್ಟು, ಮಾತ್ರೆಯ ಹಾಳೆಯಲ್ಲಿ ಎಷ್ಟು ಉಳಿದಿವೆ, ಅಂಗಾಲಲ್ಲಿ ಗಾಯ ಇದೆಯಾ, ಫೋನು ಅಲ್ಲಿಗೆ ಹಿಡಿ. ಮಾತ್ರೆ ತರುವ ದಿನದ ಕೂಲಿಯನ್ನು ನಾನು ಕಳಿಸುತ್ತೇನೆ. ಅವಳು ಬೇಡ ಅನ್ನುತ್ತಾಳೆ, ಕಳಿಸುತ್ತೇನೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದಲ್ಲಿ ಎರಡು ಅಂಕಿ ಇರುತ್ತವೆ. ಮೇಲಿನದು ಅವಳ ಸಕ್ಕರೆ. ಕೆಳಗಿನದು ನನ್ನ ಉಸಿರು.

ಅದು ತಂಗಿ ಹೇಳಿಕೊಟ್ಟದ್ದು. ಎದೆ ತುಂಬ ಉಸಿರು ಎಳೆದುಕೊಂಡು, ಮಾಮೂಲಿ ದನಿಯಲ್ಲಿ, ಸೆಕೆಂಡಿಗೆ ಒಂದರಂತೆ ಎಣಿಸುತ್ತಾ ಹೋಗುವುದು. ಎಲ್ಲಿ ಉಸಿರು ಮುಗಿಯುತ್ತದೋ ಅಲ್ಲಿಗೆ ನಿಲ್ಲಿಸುವುದು. ಇದು ಡಾಕ್ಟರ ಪರೀಕ್ಷೆಗೆ ಬದಲಿಯಲ್ಲ, ವಾರದಿಂದ ವಾರಕ್ಕೆ ಇಳಿಯಿತಾ ಏರಿತಾ ನೋಡಿಕೊಳ್ಳಲು ಅಷ್ಟೇ. ನಾನು ಎಣಿಸುವಾಗ ಅಮ್ಮ ಉಸಿರು ಹಿಡಿದು ಕೂತಿರುತ್ತಾಳೆ. ಗ್ರಾನೈಟ್ ಕೆಲಸ ನಡೆಯುವಾಗ ಅವಳ ಪೆನ್ಸಿಲ್ ಮೊದಲೇ ಕೈಯಲ್ಲಿರುತ್ತದೆ.

ಹೋದ ಭಾನುವಾರ ಮೂವತ್ತೈದಕ್ಕೆ ನಿಂತೆ.

"ಹೋದ ವಾರ ಮೂವತ್ತೊಂಬತ್ತಿತ್ತು" ಅಂದಳು.

"ನೆಗಡಿ ಅಮ್ಮ."

"ಯಾವತ್ತಿಂದ?"

"ಬುಧವಾರದಿಂದ. ಬುಧವಾರ ಸಂಜೆಯಿಂದ."

ಪೆನ್ಸಿಲ್ ಕಾಗದದ ಮೇಲೆ ಸರಿಯುವುದು ಕೇಳಿಸಿತು. ಅವಳು ಬರೆದು ಮುಗಿಸುವವರೆಗೂ ಇಬ್ಬರೂ ಮಾತಾಡಲಿಲ್ಲ.